ಪಕ್ಕದ ಹಾಸಿಗೆಯವನ ಉಸಿರು

ಸುಗ್ಗಿ ಬಂತೆಂದರೆ ನಮ್ಮ ಕಡೆಯ ರಸ್ತೆಗಳಲ್ಲಿ ಅರ್ಧ ರೈತರಿಗೆ, ಅರ್ಧ ಗಾಡಿಗಳಿಗೆ. ಕೊಯ್ದ ಭತ್ತವನ್ನು ಡಾಂಬರಿನ ಮೇಲೆ ಹರವಿ, ಗಾಡಿ ಹತ್ತದಿರಲೆಂದು ಅಂಚಿಗೆ ಕಲ್ಲು ಸಾಲಿಟ್ಟು, ತಲೆಗೆ ಟವೆಲ್ ಹೊದ್ದು ಯಾರಾದರೊಬ್ಬರು ಕಾವಲು ಕೂತಿರುತ್ತಾರೆ. ಕುರುಗೋಡಿನ ಮನೆಯಿಂದ ಸಿರುಗುಪ್ಪದ ಕಾಲೇಜಿಗೆ ದಿನವೂ ಬೈಕಿನಲ್ಲಿ ಹೋಗಿ ಬರುವ ನನಗೆ ಇದು ಹೊಸದೇನಲ್ಲ. ಆ ದಿನ ಎದುರಿನ ಬಸ್ಸಿಗೆ ದಾರಿ ಬಿಡಲು ಹೋಗಿ ಚಕ್ರ ಭತ್ತದ ಮೇಲೆ ಹತ್ತಿತು. ಒಣಗಿದ ಕಾಳಿನ ಮೇಲೆ ಬೈಕು ನಿಲ್ಲಲಿಲ್ಲ. ಅಂಚಿಗಿಟ್ಟಿದ್ದ ಕಲ್ಲೊಂದರ ಮೇಲೆ ನನ್ನ ಬಲ ಎದೆ ಹೋಗಿ ಬಡಿಯಿತು.

ಕಾವಲಿಗಿದ್ದ ಅಜ್ಜಿ ಓಡಿ ಬಂದು ನೀರು ಕೊಟ್ಟಳು. "ಕೈಕಾಲು ನೆಟ್ಟಗ ಅದಾವ ತಗೋರಿ, ದೊಡ್ಡ ಗಂಡಾಂತರ ಹೋತು," ಅಂದಳು. ನನಗೂ ಹಾಗೇ ಅನ್ನಿಸಿತು. ಉಸಿರು ಎಳೆದರೆ ಚುಚ್ಚುತ್ತಿತ್ತು, ಅಷ್ಟೆ. ಊರಲ್ಲಿ ಎಲುಬಿಗೆ ಪಟ್ಟು ಹಾಕುವವರೊಬ್ಬರ ಹತ್ತಿರ ಹೋಗಿ ಎದೆಯ ಸುತ್ತ ಬಟ್ಟೆಯ ಪಟ್ಟಿಯನ್ನು ಬಿಗಿಯಾಗಿ ಸುತ್ತಿಸಿಕೊಂಡೆ. ಬಿಗಿದಾಗ ನೋವು ಕಡಿಮೆಯಾಯಿತು. ಅದನ್ನೇ ವಾಸಿಯಾಗುತ್ತಿರುವ ಲಕ್ಷಣವೆಂದುಕೊಂಡು ಪಾಠಕ್ಕೂ ಹೋಗತೊಡಗಿದೆ.

ಕೆಲವು ವಾರ ಕಳೆದ ಮೇಲೆ ಸಂಜೆಯಾಗುತ್ತಲೇ ಚಳಿಜ್ವರ ಬರಲು ಶುರುವಾಯಿತು. ಮೊದಲ ಮಹಡಿಯ ತರಗತಿಗೆ ಹತ್ತಿದರೆ ಹಾಜರಿ ಕೂಗಲು ಉಸಿರು ಸಾಲುತ್ತಿರಲಿಲ್ಲ. ನನ್ನ ಹೆಂಡತಿ ಕುರುಗೋಡಿನಲ್ಲೇ ಶಾಲಾ ಶಿಕ್ಷಕಿ. ಒಂದು ಮುಂಜಾನೆ ನನ್ನ ಅಂಗಿ ಬೆವರಿನಲ್ಲಿ ತೊಯ್ದಿದ್ದನ್ನು ಮುಟ್ಟಿ ನೋಡಿ, ಶಾಲೆಗೆ ರಜೆ ಹೇಳಿ, ಪಕ್ಕದ ಮನೆಯವರ ಕಾರಿನಲ್ಲಿ ನನ್ನನ್ನು ಬಳ್ಳಾರಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ನನ್ನನ್ನು ನೋಡಿದವರು ಎದೆಯ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ. ಹೆಚ್ಚುಕಡಿಮೆ ನನ್ನ ವಯಸ್ಸಿನವರು, ಬಳ್ಳಾರಿಯವರೇ. ಎಕ್ಸ್‌ರೇಯಲ್ಲಿ ನನ್ನ ಬಲಗಡೆ ಪೂರ್ತಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅಂಗಿ ಬಿಚ್ಚಿಸಿದಾಗ ಪಟ್ಟಿ ಕಂಡು ಅವರ ಮುಖ ಗಂಟಾಯಿತು.

"ಇದನ್ಯಾರು ಕಟ್ಟಿದ್ರು?"

"ನಮ್ಮೂರಾಗ ಒಬ್ರು ಕಟ್ತಾರ್ರಿ."

"ಹಿಂಗ ಬಿಗಿದ್ರ ಉಸಿರು ಮ್ಯಾಲ ಮ್ಯಾಲ ಆಡ್ತೈತಿ. ಪಕ್ಕಿಎಲುಬು ಮುರಿದಾಗ ಒಳಗ ರಕ್ತ ಇಳಿದಿರ್ತೈತಿ, ಅದು ಅಲ್ಲೇ ನಿಂತು ಕೀವಾಗೈತಿ. ನಿಮ್ಮ ಪುಪ್ಪುಸ ಆ ಕೀವಿನ ಕೆಳಗ ಮುದುಡಿಕೊಂಡು ಕುಂತೈತಿ."

ಪಕ್ಕೆಯಲ್ಲಿ ಸೂಜಿ ಇಳಿಸಿ ಎಳೆದಾಗ ಸಿರಿಂಜಿನಲ್ಲಿ ಬಂದದ್ದು ಗಂಜಿಯ ಹಾಗೆ ದಪ್ಪಗಿತ್ತು. ನೋಡಿದ ಹೆಂಡತಿ ಮುಖ ಬೇರೆ ಕಡೆ ತಿರುಗಿಸಿದಳು. ಮಧ್ಯಾಹ್ನದೊಳಗೆ ನನ್ನ ಎರಡು ಪಕ್ಕೆಲುಬುಗಳ ನಡುವೆ ಒಂದು ಕೊಳವೆ ಸೇರಿತ್ತು. ಅದರ ಇನ್ನೊಂದು ತುದಿ ಮಂಚದ ಕೆಳಗಿಟ್ಟ ಬಾಟಲಿಯ ನೀರಿನೊಳಗೆ ಮುಳುಗಿತ್ತು.

ಪಕ್ಕದ ಹಾಸಿಗೆಯವನಿಗೂ ಅದೇ ದಿನ ಕೊಳವೆ ಹಾಕಿದ್ದರು. ಅವನು ಸಿರಿಗೇರಿಯವನು, ನನಗಿಂತ ಹತ್ತು ವರ್ಷವಾದರೂ ಚಿಕ್ಕವನು. ಸಿರುಗುಪ್ಪದ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಟೊಮೆಟೊ ಹೇರಿದ ಟೆಂಪೊ ಹಿಂದಕ್ಕೆ ಬರುವಾಗ ಗೋಡೆಗೂ ಗಾಡಿಗೂ ನಡುವೆ ಅವನ ಎದೆ ಸಿಕ್ಕಿಬಿದ್ದಿತ್ತು. ನನ್ನ ಹಾಗೆ ಅವನದೂ ಪಕ್ಕೆಲುಬು ಮುರಿದು, ರಕ್ತ ನಿಂತು, ಕೀವಾಗಿತ್ತು. ಕಾಯಿಲೆ ಒಂದೇ, ಪಕ್ಕೆಯೂ ಒಂದೇ, ಬಾಟಲಿಯೂ ಒಂದೇ ಬಗೆಯದು. ಆದ್ದರಿಂದಲೇ ನಮ್ಮಿಬ್ಬರನ್ನು ಹೋಲಿಸುವುದು ಬಹಳ ಸುಲಭವಾಗಿತ್ತು.

ಮೊದಲನೆಯ ದಿನವೇ ಅವನ ಬಾಟಲಿ ಅರ್ಧಕ್ಕಿಂತ ಮೇಲೆ ತುಂಬಿತು. ನರ್ಸ್ ಬಂದು ಬದಲಿಸಿದಳು. ಅದೂ ತುಂಬತೊಡಗಿತು. ಕಾಲುವೆಯ ಮೊದಲ ತೂಬಿನ ಹೊಲಕ್ಕೆ ನೀರು ಬಿಟ್ಟ ಹಾಗೆ ಅವನ ಕೀವು ಸರಾಗ ಹರಿಯಿತು. ನನ್ನದು ಕಾಲುವೆಯ ಕೊನೆಯಂಚಿನ ಹೊಲ. ತೊಟ್ಟು ತೊಟ್ಟು ಬಂದು ನಿಂತುಬಿಟ್ಟಿತು.

"ಸರ್, ನಿಮ್ದ್ಯಾಕ ತುಂಬವಲ್ದು?" ಎಂದು ಅವನು ತನ್ನ ಮಂಚದಿಂದ ಬಗ್ಗಿ ನನ್ನ ಬಾಟಲಿ ನೋಡಿ ಕೇಳಿದ.

"ತುಂಬ್ತೈತಿ ಬಿಡು," ಅಂದೆ.

ಕೀವಿಗಾಗಿ ಮತ್ಸರಪಡುವ ಕಾಲ ನನಗೆ ಬರುತ್ತದೆಂದು ಯಾರಾದರೂ ಮೊದಲು ಹೇಳಿದ್ದರೆ ನಗುತ್ತಿದ್ದೆ. ಕಾಲೇಜಿನಲ್ಲಿ ಸಹೋದ್ಯೋಗಿಗಳಿಗೆ ಬಡ್ತಿ ಸಿಕ್ಕಾಗ ಕೂಡ ನನಗೆ ಅಷ್ಟು ಉರಿದಿರಲಿಲ್ಲ. ಮುಂಜಾನೆ ಎಚ್ಚರವಾದ ಕೂಡಲೇ ನನ್ನ ಕಣ್ಣು ಮೊದಲು ಅವನ ಬಾಟಲಿಗೆ ಹೋಗುತ್ತಿತ್ತು, ಆಮೇಲೆ ನನ್ನದಕ್ಕೆ. ಅವನ ಜ್ವರ ಇಳಿಯಿತು. ನನ್ನದು ಇಳಿಯಲಿಲ್ಲ. ಅವನು ಇಡ್ಲಿ ಕೇಳಿ ಕೇಳಿ ತಿಂದ. ನನಗೆ ಗಂಜಿಯ ವಾಸನೆ ಬಂದರೂ ವಾಕರಿಕೆ.

ಡಾಕ್ಟರಮ್ಮ ಒಮ್ಮೆ ನನ್ನ ಕೆಲಸ ಏನೆಂದು ವಿಚಾರಿಸಿದರು. ಇತಿಹಾಸ ಕಲಿಸುತ್ತೇನೆ ಅಂದೆ.

"ಹಂಗಾರ ಈ ಬಾಟ್ಲಿ ನಿಮ್ಮ ಸಬ್ಜೆಕ್ಟಿಂದ," ಅಂತ ನಕ್ಕರು. "ಇದು ಹತ್ತೊಂಬತ್ತನೇ ಶತಮಾನದ್ದು. ಅವಾಗ ಗಾಜಿಂದು, ಈಗ ಪ್ಲಾಸ್ಟಿಕ್. ನೀರೊಳಗ ನಳಿಕಿ ಮುಳುಗಿದ್ರ ಕೀವು ಹೊರಗ ಬರ್ತೈತಿ, ಹೊರಗಿನ ಗಾಳಿ ಒಳಗ ಹೋಗಂಗಿಲ್ಲ. ಅಷ್ಟು ಸಣ್ಣ ಮಾತು ತಿಳಿಯೋದ್ರಾಗ ಎಷ್ಟೋ ಜನ ಸತ್ತಾರ. ನೀವು ಪಟ್ಟಿ ಕಟ್ಟಿಸಿಕೊಂಡು ಬಂದ್ರಲ್ಲ, ಅದೂ ಆ ಕಾಲದ್ದ."

ಸಂಜೆಯೊಳಗೆ ಅವರು ಆ ಕಾಲದ ಇಂಗ್ಲಿಷ್ ಶಸ್ತ್ರವೈದ್ಯದ ಪುಸ್ತಕವೊಂದರ ಸ್ಕ್ಯಾನ್ ಮಾಡಿದ ಪ್ರತಿಯನ್ನು ನನ್ನ ಮೊಬೈಲಿಗೆ ಕಳಿಸಿದರು. ಮಲಗಿದಲ್ಲೇ ಅದನ್ನು ಓದತೊಡಗಿದೆ. ಮೊದಲು ಪಾಠ ಮಾಡುವವನ ಕುತೂಹಲ. ನಾಲ್ಕು ಪುಟ ದಾಟುವುದರೊಳಗೆ ಅದು ನನ್ನದೇ ಎದೆಯ ಕಥೆಯಾಯಿತು.

ಅದರಲ್ಲಿದ್ದವರು ಹೆಚ್ಚಾಗಿ ಸಿಪಾಯಿಗಳು. ಗುಂಡು ಬಿದ್ದವರು, ಭರ್ಜಿ ತಿವಿದವರು, ಕುದುರೆಯಿಂದ ಬಿದ್ದು ಎಲುಬು ಮುರಿದವರು. ಪೆಟ್ಟು ಬಿದ್ದ ಕೂಡಲೇ ಆಗಿನ ವೈದ್ಯರು ತೋಳಿನ ನರ ಕೊಯ್ದು ರಕ್ತ ಇಳಿಸುತ್ತಿದ್ದರು. ರಕ್ತ ಇಳಿದರೆ ಎದೆಯ ಉರಿ ಇಳಿಯುತ್ತದೆಂಬ ನಂಬಿಕೆ. ಜಿಗಣೆ ಹಚ್ಚುತ್ತಿದ್ದರು. ಅಗಸೆ ಬೀಜದ ಹಿಟ್ಟನ್ನು ಬಿಸಿಯಾಗಿ ಕಲಸಿ ಪಕ್ಕೆಗೆ ಮೆತ್ತುತ್ತಿದ್ದರು. ನೋವಿಗೆ ಅಫೀಮು. ಆಮೇಲೆ ಬೆರಳಿನಿಂದ ಎದೆ ಬಡಿದು ಕೇಳುವುದು. ಗಾಳಿ ಇರುವ ಕಡೆ ಟೊಳ್ಳು ಸದ್ದು, ಕೀವು ನಿಂತ ಕಡೆ ತುಂಬಿದ ಚೀಲ ಬಡಿದ ಸದ್ದು. ಕೀವು ಇದೆಯೆಂದು ಗೊತ್ತಾದ ಮೇಲೂ ಕೊಯ್ಯಲು ಹೆದರಿಕೆ. ಎದೆ ತೆರೆದರೆ ಗಾಳಿ ನುಗ್ಗಿ ಪುಪ್ಪುಸ ಕುಸಿಯುತ್ತದೆ, ಗಾಯ ಕೊಳೆಯುತ್ತದೆ. ಹಾಗಾಗಿ ಎಷ್ಟೋ ವೈದ್ಯರು ಕಾಯುತ್ತಿದ್ದರು, ಕೀವು ತಾನೇ ಪಕ್ಕೆಲುಬಿನ ಸಂದಿಯಲ್ಲಿ ಉಬ್ಬಿ ಬರುವವರೆಗೆ. ಕಾಯುವಷ್ಟರಲ್ಲಿ ರೋಗಿ ಸವೆದು ಕಡ್ಡಿಯಾಗುತ್ತಿದ್ದ.

ಶತಮಾನ ಮುಗಿಯುತ್ತ ಬಂದಂತೆ ಬೇರೆ ದಾರಿಗಳು ತೆರೆದವು. ಟೊಳ್ಳು ಸೂಜಿಯಿಂದ ಕೀವು ಎಳೆಯುವುದು, ರಬ್ಬರ್ ಕೊಳವೆ, ನೀರಿನ ಬಾಟಲಿ. ಕ್ಲೋರೋಫಾರ್ಮ್ ಕೊಟ್ಟು ಒಂದು ಪಕ್ಕೆಲುಬಿನ ತುಂಡನ್ನೇ ತೆಗೆದು, ಆ ಕಿಂಡಿಯಿಂದ ಕೀವು ಹರಿಯಲು ಬಿಡುವುದು. ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ನೀರಿನಿಂದ ಗಾಯ ತೊಳೆಯುವುದು.

ಬಳ್ಳಾರಿಯ ನಮ್ಮ ಕೌಲ್ ಬಜಾರ್ ಹುಟ್ಟಿದ್ದೇ ಬ್ರಿಟಿಷ್ ದಂಡಿನ ಪಕ್ಕದ ಬಜಾರಾಗಿ. ಇಲ್ಲಿದ್ದ ದಂಡಿನ ಆಸ್ಪತ್ರೆಯಲ್ಲೂ ನನ್ನಂಥವನೊಬ್ಬ ಇದೇ ಬಿಸಿಲಿನಲ್ಲಿ ಪಕ್ಕೆಗೆ ಅಗಸೆ ಹಿಟ್ಟು ಮೆತ್ತಿಸಿಕೊಂಡು ಮಲಗಿರಬೇಕು ಅನ್ನಿಸಿತು. ಅವನ ಪಕ್ಕದಲ್ಲಿ ಬೇಗ ಗುಣವಾಗುತ್ತಿದ್ದವನೊಬ್ಬನೂ ಇದ್ದಿರಬೇಕು. ಪುಸ್ತಕದಲ್ಲಿ ಗುಣವಾಗಿ ಪಡೆಗೆ ಮರಳಿದವರ ಪ್ರಸಂಗ ಬಂದಾಗ ನಾನು ಬೆರಳಿನಿಂದ ಪುಟ ಸರಿಸಿಬಿಡುತ್ತಿದ್ದೆ. ನೂರೈವತ್ತು ವರ್ಷದ ಹಿಂದೆ ಬದುಕಿ ಉಳಿದವರ ಮೇಲೂ ನನಗೆ ಹೊಟ್ಟೆಕಿಚ್ಚು.

ಪಕ್ಕದ ಹಾಸಿಗೆಯವನ ಕಡೆಯವರಿಗೆ ಹೊಲಮನೆ ಕೆಲಸ ಬಿಟ್ಟು ಹಗಲು ಬರಲಾಗುತ್ತಿರಲಿಲ್ಲ. ಅಕ್ಕ ಒಬ್ಬಳು ಸಂಜೆ ಬಂದು ಹೋಗುವಳು. ಇದು ತಿಳಿದ ನನ್ನ ಹೆಂಡತಿ ಟಿಫಿನ್ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚು ತರತೊಡಗಿದಳು. ನನಗೆ ಊಟ ಸೇರುತ್ತಿರಲಿಲ್ಲ. ಅವನು ತಿನ್ನುತ್ತಿದ್ದ.

"ಯಕ್ಕಾರ, ಈ ಶೇಂಗಾ ಚಟ್ನಿಗೆ ಹರಾಜು ಕರೀಬೇಕ್ರಿ," ಎಂದು ಹೇಳಿ ಅವನು ರೊಟ್ಟಿ ಎತ್ತಿ ಹಿಡಿದು, ಮಾರುಕಟ್ಟೆಯ ತೆಲುಗಿನಲ್ಲಿ, "ಒಕಟೋ ಸಾರಿ... ರೆಂಡೋ ಸಾರಿ..." ಎಂದು ಒಂದನೇ ಸಲ, ಎರಡನೇ ಸಲ ಎಣಿಸಿ ಎಳೆಯುತ್ತಿದ್ದ. ಎದೆಯಲ್ಲಿ ಕೊಳವೆ ಇದ್ದರೂ ಅವನ ದನಿ ವಾರ್ಡಿನ ಆ ತುದಿ ಮುಟ್ಟುತ್ತಿತ್ತು. ಅಲ್ಲಿದ್ದ ಮುದುಕರೂ ನಗುತ್ತಿದ್ದರು. ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನಾನು ಜ್ವರ ಹಿಡಿದು ಮಲಗಿದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗಿಸಿದವನು ನಾನಲ್ಲ ಅನ್ನುವುದು ಪಕ್ಕೆಯ ನೋವಿಗಿಂತ ಹೆಚ್ಚು ಚುಚ್ಚಿತು.

"ಅವನಿಗ್ಯಾಕ ದಿನಾ ತರ್ತಿ?" ಅಂದೆ ಒಮ್ಮೆ.

"ನೀವು ಉಣ್ಣಂಗಿಲ್ಲ. ಅವರಾದ್ರೂ ಉಣ್ಲಿ ಬಿಡ್ರಿ," ಅಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಗೋಡೆಯ ಕಡೆ ತಿರುಗಲು ಹೋದೆ. ಕೊಳವೆ ತಿರುಗಲು ಬಿಡಲಿಲ್ಲ.

ಪುಪ್ಪುಸ ಅರಳಲೆಂದು ಮೂರು ಚೆಂಡುಗಳ ಆಟಿಕೆಯಂಥ ಸಾಧನವೊಂದನ್ನು ಕೊಟ್ಟಿದ್ದರು. ನಳಿಕೆಯನ್ನು ಬಾಯಿಗಿಟ್ಟು ಉಸಿರು ಒಳಗೆಳೆದರೆ ಚೆಂಡುಗಳು ಮೇಲೇಳಬೇಕು. ಅವನು ಮೂರನ್ನೂ ಒಟ್ಟಿಗೆ ಮೇಲಕ್ಕೆ ಹಾರಿಸಿ, ಹಾಗೇ ಹಿಡಿದು ನಿಲ್ಲಿಸುತ್ತಿದ್ದ. ನರ್ಸ್‌ಗಳು ಬೇರೆ ರೋಗಿಗಳನ್ನು ಕರೆದು ತೋರಿಸುತ್ತಿದ್ದರು. ನಾನು ಎಳೆದರೆ ಮೊದಲನೆಯ ಚೆಂಡು ನಡುಗುತ್ತಿತ್ತು, ಏಳುತ್ತಿರಲಿಲ್ಲ.

"ಹೊಟ್ಟಿಂದ ಎಳೀರಿ ಸರ್, ಗಂಟಲಿಂದ ಅಲ್ಲ," ಎಂದು ಅವನು ಹುರಿದುಂಬಿಸಿದ.

"ನನಗ ಗೊತ್ತೈತಿ," ಎಂದು ಹೇಳಿ ಅದನ್ನು ಕಪಾಟಿನ ಮೇಲಿಟ್ಟೆ. ಅವನು ವಾರ್ಡಿನಲ್ಲಿ ಇಲ್ಲದಾಗ ಮಾತ್ರ ತೆಗೆದು ಎಳೆಯುತ್ತಿದ್ದೆ.

ಅವನ ಕೊಳವೆ ತೆಗೆದರು. ಡಿಸ್ಚಾರ್ಜ್ ಆಯಿತು. ಹೋಗುವ ಮೊದಲು ಹೊಸ ಅಂಗಿ ತೊಟ್ಟು ನನ್ನ ಮಂಚದ ಹತ್ತಿರ ಬಂದು ಕೈ ಮುಗಿದ. "ಲಗೂನ ಬರ್ರಿ ಸರ್. ಸಿರುಗುಪ್ಪದಾಗ ಚಾ ಕುಡಿಯೋಣು." ಹೆಂಡತಿಗೆ, "ಬರ್ತೀನ್ರಿ ಯಕ್ಕಾರ," ಅಂದ. ಕಿಟಕಿಯಿಂದ ಅವನು ಅಂಗಳ ದಾಟಿ ಆಟೋ ಹತ್ತುವುದು ಕಾಣಿಸಿತು. ಆಟೋದವನ ಹತ್ತಿರ ಬಾಡಿಗೆಗೆ ವಾದಿಸುತ್ತಿದ್ದ ಅವನ ದನಿ ಮೇಲಿನವರೆಗೆ ಕೇಳಿತು. ನನ್ನ ಮುಖ ನೋಡಿದ ಹೆಂಡತಿ, ಅವನು ಹೋದದ್ದಕ್ಕೆ ನನಗೆ ಬೇಸರವಾಗಿದೆ ಎಂದುಕೊಂಡು ಭುಜ ಸವರಿದಳು.

ನನ್ನ ಕೊಳವೆ ಕಟ್ಟಿಕೊಂಡಿತು. ಅದರೊಳಗೆ ಔಷಧಿ ಬಿಟ್ಟು ನೋಡಿದರು. ಉಪಯೋಗವಾಗಲಿಲ್ಲ. ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರಮ್ಮ ಮಂಚದ ಅಂಚಿಗೆ ಕೂತು ಬಿಡಿಸಿ ಹೇಳಿದರು.

"ಕೀವು ಒಂದ ಕಡೆ ಇಲ್ಲ. ಜೇನುಗೂಡಿನಂಗ ಖಾನಿ ಖಾನಿ ಆಗೈತಿ. ಒಳಗ ದಪ್ಪ ಪದರ ಕಟ್ಟೈತಿ. ಪೂರ್ತಿ ಎದಿ ತೆರೆದು ಆ ಪದರ ಸುಲಿಯೋದು ದೊಡ್ಡ ಆಪರೇಷನ್. ಈಗಿನ ನಿಮ್ಮ ಮೈಗೆ ಅದು ತಡೆಯಂಗಿಲ್ಲ. ಸಣ್ಣದೊಂದು ಮಾಡ್ತೀನಿ. ಪಕ್ಕಿಎಲುಬಿನ ಒಂದು ತುಂಡು ತೆಗೀತೀನಿ. ಒಳಗ ಬೆರಳು ಹಾಕಿ ಆ ಖಾನಿ ಎಲ್ಲಾ ಒಡೀತೀನಿ. ಕಿಂಡಿ ಹಂಗ ತೆರೆದಿಡ್ತೀವಿ, ಪುಪ್ಪುಸ ಈಗ ಎದಿಗ್ವಾಡಿಗೆ ಅಂಟಿಕೊಂಡೈತಿ, ಕುಸಿಯಂಗಿಲ್ಲ. ಒಳಗಿಂದ ತುಂಬಿಕೋತ ಬರ್ತೈತಿ."

"ಪುಸ್ತಕದಾಗ ಐತ್ರಿ ಅದು," ಅಂದೆ.

"ಹೌದು, ಅದ. ಅರಿವಳಿಕಿ ಹೊಸದು, ಆಂಟಿಬಯಾಟಿಕ್ ಹೊಸದು. ಕೊಯ್ಯೋದು ಹಳೇದ."

"ಅವನಿಗೆ ಇದು ಬ್ಯಾಡಾತಲ್ರಿ?"

ಯಾರಿಗೆ ಎಂದು ಅವರು ಕೇಳಲಿಲ್ಲ, ಖಾಲಿ ಹಾಸಿಗೆಯ ಕಡೆ ನೋಡಿದರು. "ಅವರದು ತೆಳು ಇತ್ತು, ಲಗೂ ಬಂದ್ರು. ನೀವು ಪಟ್ಟಿ ಕಟ್ಟಿಕೊಂಡು ತಡಾ ಮಾಡಿದ್ರಿ. ಒಬ್ಬೊಬ್ಬರ ಮೈ ಒಂದೊಂದು ಥರಾ ಸರ್."

ಆಪರೇಷನ್ ಆಯಿತು. ಎಚ್ಚರವಾದಾಗ ಪಕ್ಕೆಯಲ್ಲಿ ಬೆಂಕಿ ಇಟ್ಟ ಹಾಗಿತ್ತು. ಆದರೆ ಮರುದಿನ ಮುಂಜಾನೆ ಹಣೆ ತಣ್ಣಗಿತ್ತು. ಹೆಂಡತಿ ತನ್ನ ಕೈಯನ್ನು ನಂಬದೆ ನರ್ಸ್‌ನ ಕರೆದು ಥರ್ಮಾಮೀಟರ್ ಇಡಿಸಿದಳು. ಜ್ವರ ಇರಲಿಲ್ಲ. ನಾನು ಕುಡಿಯಲು ಚಹಾ ಕೇಳಿದೆ. ಅವಳು ಎದ್ದು ಹೋಗಿ ಚಹಾ ತಂದಳು, ಕಣ್ಣು ಕೆಂಪಗಿದ್ದವು.

ಕುರುಗೋಡಿಗೆ ಬಂದ ಮೇಲೆ ದಿನಾ ಡ್ರೆಸ್ಸಿಂಗ್. ನನ್ನ ಪಕ್ಕೆಯಲ್ಲಿ ಹೆಬ್ಬೆರಳು ಹಿಡಿಸುವಷ್ಟು ಕಿಂಡಿ. ಶಾಲೆಗೆ ಹೋಗುವ ಮೊದಲು ಹೆಂಡತಿ ಕೈ ತೊಳೆದು, ಕೈಗವಸು ಹಾಕಿ, ಒಳಗಿನ ಗಾಜ್ ಬಟ್ಟೆಯನ್ನು ಮೆಲ್ಲಗೆ ಎಳೆದು ತೆಗೆದು ಹೊಸದನ್ನು ತುಂಬುತ್ತಿದ್ದಳು. ಮೊದಲ ಸಲ ಅರ್ಧ ಗಂಟೆ ಹಿಡಿಯಿತು. ಆಮೇಲೆ ಒಗ್ಗರಣೆ ಹಾಕಿದಷ್ಟು ಸಲೀಸಾಯಿತು. ಕೆಮ್ಮಿದರೆ ಆ ಕಿಂಡಿಯಿಂದ ಗಾಳಿ ಹೊರಬಿದ್ದ ಸದ್ದು ಬರುತ್ತಿತ್ತು. ಮನೆಗೆ ಬಂದವರು ಕೇಳಿಸದವರ ಹಾಗೆ ನಟಿಸುತ್ತಿದ್ದರು. ಸಿರುಗುಪ್ಪದಿಂದ ಬಂದ ಸಹೋದ್ಯೋಗಿಯೊಬ್ಬರು, ಮಾರುಕಟ್ಟೆಯಲ್ಲಿ ಹರಾಜು ಕೂಗುವವನು ನಿಮ್ಮನ್ನು ಕೇಳಿದ, ಮತ್ತೆ ಕೆಲಸಕ್ಕೆ ಹತ್ತಿದ್ದಾನೆ ಎಂದು ಹೇಳಿದರು. ಆ ದಿನ ಡ್ರೆಸ್ಸಿಂಗ್ ಮಾಡುವಾಗ ನಾನು ಸುಮ್ಮಸುಮ್ಮನೆ ಹೆಂಡತಿಯ ಮೇಲೆ ಸಿಡುಕಿದೆ.

ಒಂದು ಶನಿವಾರ ಮಧ್ಯಾಹ್ನ ಡಾಕ್ಟರಮ್ಮನ ಫೋನ್ ಬಂತು. ನನ್ನ ಗಾಯದ ವಿಚಾರ ಕೇಳಿದ ಮೇಲೆ ವಿಷಯಕ್ಕೆ ಬಂದರು.

"ನಿಮ್ಮ ಬಾಜೂ ಬೆಡ್‌ನವ್ರು ಮತ್ತ ಅಡ್ಮಿಟ್ ಆಗ್ಯಾರ. ಒಳಗ ಒಂದು ಮೂಲ್ಯಾಗ ಉಳಿದಿದ್ದ ಕೀವು ಮತ್ತ ಬೆಳೆದೈತಿ, ಗಟ್ಟಿಯಾಗೈತಿ. ನಿಮಗ ಮಾಡಿದ್ದ ಆಪರೇಷನ್ ಮಾಡಬೇಕು. ಎಲುಬು ಕೊಯ್ಸಾಕ ಒಲ್ಲೆ ಅಂತ ಕುಂತಾರ. ನಾ ಹೇಳಿದ್ರ ಕೇಳವಲ್ರು. ನೀವು ಒಂದ್ಸಲ ಬಂದು ತೋರಿಸ್ತೀರೇನು?"

ಫೋನ್ ಇಟ್ಟ ಮೇಲೆ ಒಂದು ಕ್ಷಣ ನನ್ನೊಳಗೆ ಏನೋ ಹಗುರಾಯಿತು. ಅವನೂ ನನ್ನ ಸಾಲಿಗೆ ಬಂದ ಎಂಬ ಹಗುರ. ಹೆಂಡತಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಉತ್ತರಪತ್ರಿಕೆ ಕೆಳಗಿಟ್ಟಳು.

"ಅಯ್ಯೋ, ಎದ್ದೇಳ್ರಿ. ಈಗ ಹೋದ್ರ ಬಸ್ ಸಿಗ್ತೈತಿ."

"ನಾಳಿಗೆ ಹೋದ್ರಾತು."

"ನಿಮಗ ಜ್ವರ ಬಂದಾಗ ನಾ ನಾಳಿಗೆ ಅಂದಿದ್ನೇನು?"

ಅವಳ ಮುಖದಲ್ಲಿನ ಆತಂಕ ಅವನ ಸಲುವಾಗಿ ಎಂಬುದು ಮತ್ತೆ ನನ್ನನ್ನು ಉರಿಸಿತು. ಆದರೂ ಅಂಗಿ ಹಾಕಿಕೊಂಡೆ.

ಅವನನ್ನು ನೋಡಿ ಗುರುತು ಹಿಡಿಯಲು ಕಷ್ಟವಾಯಿತು. ಕೆನ್ನೆ ಒಳಗೆ ಹೋಗಿದ್ದವು. ಅವನ ಅಕ್ಕ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಳು. ಹಾಸಿಗೆ ನಾನಿದ್ದದ್ದೇ. ನನ್ನ ಹೆಂಡತಿಯನ್ನು ಕಂಡು ಏಳಲು ಹೋದ, ಆಗಲಿಲ್ಲ.

"ಬರ್ರಿ ಯಕ್ಕಾರ, ಬರ್ರಿ ಸರ್," ಅಂದ. ದನಿ ಪಿಸುಮಾತಿನಷ್ಟಿತ್ತು.

"ಯಾಕ ಒಲ್ಲೆ ಅಂತಿಯಂತ?" ಎಂದು ಕೇಳಿದೆ.

"ಎದಿಗೆ ತೂತು ಬಿದ್ರ ಗಾಳಿ ಎಲ್ಲಿ ನಿಲ್ತೈತ್ರಿ ಸರ್? ಕೂಗಾಕ ಗಾಳಿ ಬೇಕಲ್ರಿ. ಮಾರ್ಕೆಟ್‌ನಾಗ ಮೈಕ್ ಇಲ್ಲ. ನನ್ನ ದನಿ ಹೋದ್ರ ಬೇರೆ ಯಾರನ್ನರ ನಿಲ್ಲಸ್ತಾರ. ನಾ ಹಮಾಲಿ ಮಾಡಾಕೂ ಆಗಂಗಿಲ್ಲ, ಈ ಎದಿ ಇಟಗೊಂಡು."

ನಾನು ಅಂಗಿಯ ಗುಂಡಿ ಬಿಚ್ಚಿದೆ. ಹೆಂಡತಿ ಡ್ರೆಸ್ಸಿಂಗ್ ಸರಿಸಿದಳು. ಕಿಂಡಿ ಆಗಲೇ ಕಿರಿದಾಗಿತ್ತು, ಅಂಚಿಗೆ ಗುಲಾಬಿ ಬಣ್ಣದ ಹೊಸ ಮಾಂಸ. ಅವನು ಬಹಳ ಹೊತ್ತು ನೋಡಿದ. ಅವನ ಅಕ್ಕ ನೋಡಲಿಲ್ಲ.

"ಬ್ಯಾನಿ?"

"ಇತ್ತು. ಭಾಳ ಇತ್ತು. ಈಗ ರಾತ್ರಿ ನಿದ್ದಿ ಬರ್ತೈತಿ."

"ಕೂಗಾಕ ಆಗ್ತೈತೇನ್ರಿ?"

ನಾನು ಮೇಷ್ಟ್ರು. ತರಗತಿಯಲ್ಲೂ ಗಟ್ಟಿಯಾಗಿ ಮಾತಾಡುವವನಲ್ಲ. ಕೂಗಿ ನೋಡಿರಲೇ ಇಲ್ಲ. ಅವನ ಕಣ್ಣು ನನ್ನ ಬಾಯಿಯ ಮೇಲೆ ನೆಟ್ಟಿದ್ದವು. ಪಕ್ಕೆಯ ಬಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದೆ. ಹೊಟ್ಟೆಯಿಂದ ಉಸಿರೆಳೆದೆ.

"ಒಕಟೋ ಸಾರೀ...!"

ವಾರ್ಡಿನ ತಲೆಗಳೆಲ್ಲ ಎದ್ದವು. ನರ್ಸ್ ಬಾಗಿಲಿನಿಂದ, "ಯಾರ್ರೀ ಅದು?" ಅಂದಳು. ನಾನು ನಿಲ್ಲಿಸಲಿಲ್ಲ. "ರೆಂಡೋ ಸಾರೀ...!" ಮೂರನೆಯದಕ್ಕೆ ಹೋಗುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಕಿಂಡಿಯಿಂದ ಗಾಳಿ ಪುಸ್ಸೆಂದಿತು. ಕಣ್ಣಲ್ಲಿ ನೀರು ಬಂತು. ಹೆಂಡತಿ ಬೆನ್ನು ಹಿಡಿದಳು.

ಅವನು ನಗತೊಡಗಿದ. ನಕ್ಕರೆ ನೋಯುತ್ತದೆಂದು ಪಕ್ಕೆ ಹಿಡಿದುಕೊಂಡು ನಕ್ಕ. "ಸರ್, ಹಂಗ ಕೂಗಿದ್ರ ಒಂದು ಕೊತ್ತಂಬರಿ ಸಿವುಡೂ ಹೋಗಂಗಿಲ್ಲ. ಕೊನೀಗೆ ಎಳೀಬಾರ್ದು, ಬಿಡಬೇಕು."

"ನನ್ನ ಎದ್ಯಾಗ ತೂತು ಇಟಗೊಂಡು ಇಷ್ಟು ಕೂಗೀನಿ. ನಿನ್ನ ತೂತು ಮುಚ್ಚಿದ ಮ್ಯಾಲ ನೀ ಕೂಗಿ ತೋರಸು," ಅಂದೆ. ಹೇಳುವಾಗ ನಿಜವಾಗಿ ಸಿಟ್ಟು ಬಂದಿತ್ತು. ಅವನ ದನಿ ನನಗಿಂತ ದೊಡ್ಡದು, ಅದು ಇಬ್ಬರಿಗೂ ಗೊತ್ತು. ಅಂಥ ದನಿ ಇಟ್ಟುಕೊಂಡು ಸಾಯಲು ಕೂತಿದ್ದಾನಲ್ಲ ಎಂಬ ಸಿಟ್ಟು.

ಅವನು ಅಕ್ಕನ ಕಡೆ ನೋಡಿದ. ಅವಳು, "ಹೂಂ ಅನ್ನು ಲೇ, ನಾ ಎಷ್ಟಂತ ಅಳ್ಲಿ?" ಅಂದಳು. ಅವನು ಹೂಂ ಅಂದ.

ಆಪರೇಷನ್ ಮುಗಿದು ಅವನು ಗುಣವಾದದ್ದನ್ನು ನಾನು ವಿವರಿಸಬೇಕಿಲ್ಲ. ನಾನು ಹೆದರಿದಂತೆಯೇ ಆಯಿತು. ಅವನ ಕಿಂಡಿ ನನ್ನದಕ್ಕಿಂತ ಬೇಗ ಮುಚ್ಚಿತು. ಅವನು ಮತ್ತೆ ಮಾರುಕಟ್ಟೆಗೆ ಹೋದ, ಮೊದಲು ಬರೀ ಕೂತು ನೋಡಲು, ಆಮೇಲೆ ಕೂಗಲು. ನನ್ನ ಹೆಂಡತಿಗೆ ಫೋನ್ ಮಾಡಿ ಸುದ್ದಿ ಹೇಳುವನು. ಅವಳು ಆ ಸುದ್ದಿಯನ್ನು ನನಗೆ ಹೇಳುವಾಗ ನಾನು ಪತ್ರಿಕೆ ಓದುತ್ತಿರುತ್ತೇನೆ.

ಮೊನ್ನೆ ತಪಾಸಣೆಗೆ ಇಬ್ಬರಿಗೂ ಒಂದೇ ದಿನ ಬರಹೇಳಿದ್ದರು. ಡಾಕ್ಟರಮ್ಮ ನಮ್ಮ ಎರಡೂ ಎಕ್ಸ್‌ರೇಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಅವನ ಬಲ ಪುಪ್ಪುಸ ಪೂರ್ತಿ ಕಪ್ಪಾಗಿತ್ತು, ಎಂದರೆ ಗಾಳಿ ತುಂಬಿಕೊಂಡಿತ್ತು. ನನ್ನದರ ಕೆಳ ಅಂಚಿನಲ್ಲಿ ಬಿಳಿಯ ಗೆರೆಯೊಂದು ದಪ್ಪಗೆ ಉಳಿದಿತ್ತು.

"ಇದು ಹಿಂಗ ಇರ್ತೈತಿ ಸರ್," ಅಂದರು. "ಇದರಿಂದ ತೊಂದರಿ ಏನಿಲ್ಲ. ಗುಡ್ಡ ಹತ್ತೂ ಮುಂದ ಸ್ವಲ್ಪ ದಮ್ಮು ಬರ್ತೈತಿ. ಆ ಕಾಲದಾಗ ಆಗಿದ್ರ ನಿಮಗ ಇಷ್ಟೂ ಉಳೀತಿದ್ದಿಲ್ಲ."

ಹೌದು ಎಂದು ತಲೆಯಾಡಿಸಿದೆ. ಆ ಪುಸ್ತಕ ಓದಿದವನಿಗೆ ಅದು ಗೊತ್ತು. ಆದರೆ ನನ್ನ ಕಣ್ಣು ಅವನ ಎಕ್ಸ್‌ರೇಯ ಮೇಲೇ ಇದ್ದವು.

ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಕಿಟಕಿಯ ಪಕ್ಕ ಅವನು ನನಗೆ ಬಿಟ್ಟುಕೊಟ್ಟ. ಊರು ದಾಟುವವರೆಗೆ ಟೊಮೆಟೊ ಬೆಲೆಯ ಬಗ್ಗೆ ಮಾತಾಡಿದ. ಆಮೇಲೆ ಮಾತಿನ ನಡುವೆಯೇ ನಿದ್ದೆ ಹೋದ. ಅವನ ತಲೆ ಜಾರಿ ನನ್ನ ಭುಜಕ್ಕೆ ಬಂತು. ಅವನ ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಆಳವಾಗಿ, ಎಲ್ಲೂ ತಡೆಯಿಲ್ಲದೆ. ಅಷ್ಟು ಬೇಗ ನಿದ್ದೆ ಹೋಗುವವರನ್ನು ಕಂಡರೂ ನನಗೆ ಹೊಟ್ಟೆಕಿಚ್ಚೇ. ಭುಜ ಸರಿಸಿದರೆ ಎಚ್ಚರವಾದಾನೆಂದು ಹಾಗೇ ಕೂತೆ. ಕುರುಗೋಡಿಗೆ ಹೊರಳುವ ಕ್ರಾಸ್ ಬಂದಾಗ ಕಂಡಕ್ಟರ್ ಕೂಗಿದ. ಅವನ ತಲೆಯನ್ನು ಎರಡೂ ಕೈಯಿಂದ ಎತ್ತಿ ಸೀಟಿನ ಹಿಂಬದಿಗೆ ಆನಿಸಿ ಎದ್ದೆ. ಸಿರಿಗೇರಿ ಕ್ರಾಸಿಗೆ ಎಬ್ಬಿಸಿ ಎಂದು ಕಂಡಕ್ಟರಿಗೆ ಹೇಳಿ ಕೆಳಗಿಳಿದೆ.